ಕೋಟೆದಿಬ್ಬದಿಂದ ಮಾದಪ್ಪ ನಮ್ಮನ್ನು ದಾಟಿಸಿದ್ದು

ಮಾದಪ್ಪನ ಒಕ್ಕಲಿನ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಮಿರ್ಲೆಯ ಮಂಗಳಾ ಕೈಮುಗಿದು ಬರೆಯುತ್ತಿದ್ದೇನೆ. ನಡುನೀರಿನಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಯಜಮಾನರ ಉಸಿರು ಕಟ್ಟುತ್ತಾ ಬಂದದ್ದನ್ನು ನೋಡಿದವಳು ನಾನು. ಇವತ್ತು ಅವರು ಜಗಲಿಯಲ್ಲಿ ಕೂತು ಎರಡನೇ ಸಲ ಕಾಫಿ ಕೇಳುತ್ತಿದ್ದಾರೆ. ನಡುವೆ ನಡೆದದ್ದನ್ನು ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ಯಜಮಾನರ ತಂದೆ ಹುಟ್ಟಿದ ಊರು ಹೆಗ್ಗಡದೇವನಕೋಟೆಯ ಆಚೆ ಕಬಿನಿ ಹಿನ್ನೀರಿನಲ್ಲಿ ಮುಳುಗಿಹೋಯಿತು. ಊರ ಪಕ್ಕದ ದಿಬ್ಬದ ಮೇಲಿದ್ದ ಪಾಳೇಗಾರರ ಕಾಲದ ಕಲ್ಲುಕೋಟೆ ಮಾತ್ರ ಉಳಿದು, ಈಗ ಅದು ನಡುಗಡ್ಡೆಯಾಗಿದೆ. ರಾಷ್ಟ್ರೀಯ ಉದ್ಯಾನದ ಒಳಗಿರುವುದರಿಂದ ಅನುಮತಿ ಇಲ್ಲದೆ ಹೋಗುವಂತಿಲ್ಲ. ಮಾವನವರು ಸಾಯುವವರೆಗೂ ಆ ಕೋಟೆಯ ಮಾತೇ ಆಡುತ್ತಿದ್ದರು. ಕಳೆದ ವರ್ಷ ಶಿವರಾತ್ರಿ ಮುಗಿದ ಮೇಲೆ ನಮಗೆ ಅನುಮತಿ ಸಿಕ್ಕಿತು. ಒಂದು ಸೋಮವಾರ ಕೆ.ಆರ್. ನಗರದಿಂದ ಹುಣಸೂರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೆಗ್ಗಡದೇವನಕೋಟೆಗೆ, ಆಮೇಲೆ ಬಾಡಿಗೆ ಜೀಪಿನಲ್ಲಿ ಹಿನ್ನೀರಿನ ದಡಕ್ಕೆ ಹೋದೆವು. ದೋಣಿ ನಡೆಸಿದವರು ಕಾಡಂಚಿನ ಹಾಡಿಯ ಕಾಳಣ್ಣ.

ದಿಬ್ಬ ಮುಟ್ಟಿದೊಡನೆ ಯಜಮಾನರು ಚಪ್ಪಲಿ ಕಳಚಿ ಮೇಲೆ ಹತ್ತಿದರು. "ಅಪ್ಪ ಯೋಳ್ತಿದ್ದ ಬಾಗ್ಲು ಇದೇ ಕಣೆ ಮಂಗಳಾ!" ಎಂದು ಕಲ್ಲು ಸವರಿ ಕಣ್ಣು ಒರೆಸಿಕೊಂಡರು. ಬುರುಜಿನ ಅಡಿಯಲ್ಲಿ ನೇತಾಡುತ್ತಿದ್ದ ಹೆಜ್ಜೇನನ್ನು ನಾವು ಯಾರೂ ನೋಡಿರಲಿಲ್ಲ. ಎಲ್ಲಿಂದಲೋ ಒಂದು ಹದ್ದು ಬಂದು ಅದಕ್ಕೆ ಬಡಿದು ಹಾರಿಹೋಯಿತು. ಸಿಟ್ಟೆದ್ದ ನೊಣಗಳು ನಮ್ಮ ಮೇಲೆ ಬಿದ್ದವು.

"ಓಡ್ರೀ! ನೀರ್ಗೆ ಬೀಳ್ರೀ!" ಎಂದು ಕಾಳಣ್ಣ ಕೂಗಿದರು. ಯಜಮಾನರು ತಮ್ಮ ಟವೆಲನ್ನು ನನ್ನ ಮುಖಕ್ಕೆ ಸುತ್ತಿ ಮುಂದೆ ದೂಡಿದರು. ಹಾಗಾಗಿ ನನಗೆ ಬಿದ್ದದ್ದು ಒಂದೆರಡೇ ಮುಳ್ಳು. ಅವರ ಕುತ್ತಿಗೆ, ಕಿವಿ, ಬೆನ್ನಿಗೆಲ್ಲ ನೊಣ ಕಪ್ಪಗೆ ಮುತ್ತಿಹೋಗಿತ್ತು.

ನೀರಿಗೆ ಬಿದ್ದೆದ್ದು ದೋಣಿಯಲ್ಲಿ ಕೂತ ಮೇಲೆ ಯಜಮಾನರು "ಏನೂ ಆಗಿಲ್ಲ ಬುಡು" ಎಂದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು ಎದ್ದಿತು, ತುಟಿ ಊದಿತು, ದನಿ ಒಡೆದು ಗೊರಗೊರ ಎನ್ನತೊಡಗಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಜೀಪು ನಿಂತಿದ್ದ ದಡ ಕಂಡಾಗ ಬದುಕಿದೆವು ಅಂದುಕೊಂಡೆ. ಅಷ್ಟರಲ್ಲಿ ಕಾಳಣ್ಣ ಮೋಟಾರು ನಿಲ್ಲಿಸಿದರು. ನೀರಿಗೂ ಜೀಪಿಗೂ ನಡುವೆ ಆನೆಗಳ ಹಿಂಡು ನಿಂತಿತ್ತು.

"ಮರಿ ಅವೆ ಕಣವ್ವ, ಇಳಿಯಕ್ಕಾಗಲ್ಲ."

"ಕೂಗಿ ಓಡ್ಸಿ ಅಣ್ಣಾ!"

"ಕೂಗುದ್ರೆ ಮ್ಯಾಲೇ ಬತ್ತವೆ."

ನಾನು ದೋಣಿಯ ಅಂಚು ಹಿಡಿದು ಅತ್ತೆ. "ಮಾದಪ್ಪಾ, ಆನೆಯೂ ನಿಂದು, ಕಾಡೂ ನಿಂದು. ದಾರಿ ಬುಡಪ್ಪಾ" ಎಂದು ಬೇಡಿಕೊಂಡೆ. ಆನೆಗಳು ಕದಲಲಿಲ್ಲ. ಒಂದು ಮರಿ ಆರಾಮಾಗಿ ನೀರು ಎರಚಿಕೊಳ್ಳುತ್ತಿತ್ತು. ನನ್ನ ದೇವರು ಕಿವುಡ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಆ ಹೊತ್ತಿನಲ್ಲಿ ಮನಸ್ಸಿನೊಳಗೆ ಅವನನ್ನು ಬೈದೆ.

ಕಾಳಣ್ಣ ದೋಣಿ ತಿರುಗಿಸಿದರು. "ಗುಡಿ ದಡಕ್ಕೆ ಓಗವ. ಸೋಮಾರ ಅಲ್ವಾ, ಮಾದಪ್ಪನ ಗುಡೀಗೆ ಬಂದೋರ ಗಾಡಿ ಇರ್ತವೆ."

"ದೂರ ಅಲ್ವಾ ಅಣ್ಣಾ?"

"ದೂರವೇ" ಎಂದರು. ಮೋಟಾರನ್ನು ಜೋರು ಮಾಡಿದರು.

ಆ ದಡ ಮುಟ್ಟುವ ಹೊತ್ತಿಗೆ ಯಜಮಾನರಿಗೆ ಕಣ್ಣು ತೆರೆಯಲೂ ಆಗುತ್ತಿರಲಿಲ್ಲ. ಕಾಳಣ್ಣನ ಕೂಗಿಗೆ ಗುಡಿಯ ಕಡೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಓಡಿಬಂದಳು. ವಯನಾಡಿನ ಮಾನಂದವಾಡಿಯಿಂದ ಪೂಜೆಗೆ ಬಂದಿದ್ದ ನರ್ಸು. ನಾಡಿ ಹಿಡಿದವಳೇ ಬ್ಯಾಗು ತರುವಂತೆ ಗಂಡನಿಗೆ ಕೂಗಿ ಹೇಳಿದಳು. ಬ್ಯಾಗು ತಂದ ಆತ ಒಂದು ಕ್ಷಣ ತಡೆದು, "ಮೋಳ್‌ಕೋ?" ಎಂದ. ಮಗಳಿಗೆ ಬೇಡವೇ ಎಂದು ಅವನು ಕೇಳಿದ್ದು ನನಗೂ ಅರ್ಥವಾಯಿತು.

"ನನ್ನ ಮಗಳಿಗೂ ಜೇನು ಕಡಿದರೆ ಹೀಗೇ ಆಗ್ತದೆ ಚೇಚಿ. ಅವಳಿಗಾಗಿ ಈ ಮದ್ದು ಯಾವಾಗಲೂ ಇಟ್ಟುಕೊಂಡಿರ್ತೇನೆ" ಎನ್ನುತ್ತಲೇ ಅವಳು ಯಜಮಾನರ ತೊಡೆಗೆ ಸೂಜಿ ಚುಚ್ಚಿದಳು.

ಉಸಿರು ತಿರುಗಿತು. ಆ ಗಂಡಹೆಂಡಿರ ಕಾರಿನಲ್ಲೇ ಹೆಗ್ಗಡದೇವನಕೋಟೆಯ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಯಜಮಾನರಿಗೆ ಮತ್ತೆ ಗಂಟಲು ಕಟ್ಟಿತು. ಬ್ಯಾಗಿನಲ್ಲಿ ಉಳಿದಿದ್ದುದು ಒಂದೇ ಸೀಸೆ ಮದ್ದು, ಸುತ್ತ ಕಾಡು. ಮುಂದಿನ ಸೀಟಿನಲ್ಲಿ ಅವರ ಪುಟ್ಟ ಮಗಳು ಅಮ್ಮು ನಮ್ಮ ಕಡೆ ತಿರುಗಿ ಕೂತಿದ್ದಳು. ತಾಯಿ ಅವಳ ಮುಖ ನೋಡಿ, ಒಂದು ನೊಣವೂ ಒಳಬರದಂತೆ ಕಿಟಕಿಗಳನ್ನೆಲ್ಲ ಏರಿಸಲು ಗಂಡನಿಗೆ ಹೇಳಿ, ಆ ಸೀಸೆಯನ್ನೂ ಒಡೆದು ಚುಚ್ಚಿದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್, ಡ್ರಿಪ್ಪು ಹಾಕಿದರು. "ಇಂಜೆಕ್ಷನ್ ಬೀಳದಿದ್ರೆ ಇಲ್ಲೀವರೆಗೂ ಬರ್ತಿರ್ಲಿಲ್ಲಮ್ಮ" ಎಂದರು ಡಾಕ್ಟರು. ಆಗ ನನಗೆ ಬುದ್ಧಿ ಬಂತು. ನಾನು ಬೇಡಿದಂತೆ ಆನೆಗಳು ದಾರಿ ಬಿಟ್ಟಿದ್ದರೆ ನಾವು ಜೀಪು ಹತ್ತುತ್ತಿದ್ದೆವು, ಆ ಕಲ್ಲುದಾರಿಯಲ್ಲೇ ನನ್ನ ಕುಂಕುಮ ಅಳಿಸಿಹೋಗುತ್ತಿತ್ತು. ನಾನು ದಾರಿ ಕೇಳಿದೆ. ಮಾಯ್ಕಾರ ಮಾದಪ್ಪ ಆನೆಗಳನ್ನು ಅಡ್ಡ ನಿಲ್ಲಿಸಿ ತನ್ನ ಬಾಗಿಲಿಗೇ ಕರೆಸಿಕೊಂಡ.

ಡಾಕ್ಟರಿಂದ ಅದೇ ಮದ್ದು ಕೇಳಿ ಪಡೆದು, ನಾನೇ ಆ ತಾಯಿಯ ಬ್ಯಾಗಿನಲ್ಲಿಟ್ಟ ಮೇಲೆಯೇ ಅವರನ್ನು ಊರಿಗೆ ಹೊರಡಲು ಬಿಟ್ಟೆ. ಕಾಲಿಗೆ ಬೀಳಹೋದರೆ ಅವಳು ಬಿಡಲಿಲ್ಲ. "ಅಮ್ಮುಗೋಸ್ಕರ ಬೇಡಿಕೊಳ್ಳಿ, ಸಾಕು" ಎಂದಳು.

ಅಂದಿನಿಂದ ನನ್ನ ಮನೆಯಲ್ಲಿ ಸೋಮವಾರದ ದೀಪ ಹೊತ್ತಿದಾಗ ನನ್ನ ಮಕ್ಕಳ ಹೆಸರು ಆಮೇಲೆ. ಮೊದಲು ಕೇಳುವುದು ಇಷ್ಟೇ: ಮಾದಪ್ಪಾ, ಅಮ್ಮು ಹೋದಲ್ಲೆಲ್ಲ ಅವಳ ಮದ್ದು ಜೊತೆಗಿರಲಿ. ಮದ್ದಿಲ್ಲದ ಕಡೆ ನೀನಿರು.