ಜಮೀಲಾ ಆಂಟಿ ಕೇಳಿದ ಜಾಗ

ಮೋಟರ್‌ಹೋಮ್ ಎಂಬ ತಮ್ಮ ಗಾಡಿಮನೆ ನಿಂತ ನೆಲ ಸಮವಾಗಿದೆಯೋ ಇಲ್ಲವೋ ಎಂದು ನೋಡಲು ಜಮೀಲಾ ಆಂಟಿ ದೋಸೆ ಹುಯ್ಯುತ್ತಿದ್ದರು. ಕಾವಲಿಯ ನಡುವೆ ಬಿಟ್ಟ ಹಿಟ್ಟು ಒಂದು ಕಡೆಗೆ ಜಾರಿತೋ, ಒಲೆ ನಂದಿಸಿ, ಗಂಡ ಎಷ್ಟೇ ಗೊಣಗಿದರೂ ಗಾಡಿಯನ್ನು ಪಕ್ಕದ ಸೈಟಿಗೆ ಎಬ್ಬಿಸುತ್ತಿದ್ದರು. "ವಾಲಿದ ಮನೇಲಿ ಮಲಗಿದ್ರೆ ತಲೇನೂ ವಾಲುತ್ತೆ" ಎನ್ನುವುದು ಅವರ ಸಿದ್ಧಾಂತ. ಇಂಥ ಗಾಡಿಗಳು ಬಾಡಿಗೆಗೆ ತಂಗುವ ಕ್ಯಾಂಪ್‌ಗ್ರೌಂಡಿನವರು ಕೊಡುವ ಬಣ್ಣದ ನಕ್ಷೆಯನ್ನು ಅವರು ನಂಬುತ್ತಿರಲಿಲ್ಲ. ನಲ್ಲಿ ತಿರುಗಿಸಿ, ಬಚ್ಚಲು ಮೂಸಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಹೆಂಗಸರಿದ್ದರೆ ಮಾತಾಡಿಸಿ ಬಂದ ಮೇಲೆಯೇ ಒಪ್ಪಿಗೆ. ಅಷ್ಟರ ಮಟ್ಟಿಗೆ ಅವರ ಮಾತು ನಡೆಯುತ್ತಿತ್ತು. ಯಾವ ಊರಿನ ಕ್ಯಾಂಪ್‌ಗ್ರೌಂಡ್ ಎನ್ನುವುದು ಮಾತ್ರ ಅವರ ಗಂಡ ರಫೀಕ್ ಅಂಕಲ್ ಕೈಯಲ್ಲಿತ್ತು. ನನ್ನ ಸಿಟ್ಟೆಲ್ಲ ಇರುವುದು ಅಲ್ಲೇ.

ನ್ಯೂಯಾರ್ಕ್ ಹತ್ತಿರದ ಜೆರಿಕೋದಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದವರು. ಅಂಕಲ್ ಹಿಕ್ಸ್‌ವಿಲ್‌ನಲ್ಲಿ ರೈಲು ಹತ್ತಿ ಮ್ಯಾನ್‌ಹಟನ್ನಿನ ಬ್ಯಾಂಕೊಂದಕ್ಕೆ ಹೋಗುತ್ತಿದ್ದರು. ಬ್ಯಾಂಕುಗಳು ಮಗುಚಿಕೊಂಡ ಆ ಕಾಲದಲ್ಲಿ ಕೆಲಸ ಹೋಯಿತು, ಹಿಂದೆಯೇ ಮನೆಯೂ ಹೋಯಿತು. ತಪ್ಪು ಅವರದಲ್ಲ. ಜೂಜಾಡಿದವರು ಮೇಲಿನ ಮಹಡಿಯವರು, ಬೀದಿಗೆ ಬಿದ್ದವರು ಇವರು. ಹೇಳಿಕೊಳ್ಳುವುದಕ್ಕೆ ಏನು ನಾಚಿಕೆ? ಆದರೆ ಅಂಕಲ್ ಎಲ್ಲರಿಗೂ ಬೇರೆ ಕತೆ ಹೇಳಿದರು. ಅರ್ಲಿ ರಿಟೈರ್‌ಮೆಂಟ್ ಅಂತೆ, ಒಳ್ಳೆಯ ಕಾಲದಲ್ಲಿ ಕೊಂಡ ಮೋಟರ್‌ಹೋಮಿನಲ್ಲಿ ಇನ್ನು ಫುಲ್‌ಟೈಮ್ ಟ್ರಾವೆಲ್ ಅಂತೆ. ನಮ್ಮ ಜನ ಚಪ್ಪಾಳೆ ತಟ್ಟಿದರು. ಆಂಟಿ ಮಾತ್ರ ನಮ್ಮ ಅಡುಗೆಮನೆಗೆ ಬಂದು, ತಮ್ಮ ಗ್ರೈಂಡರನ್ನು ನನಗೆ ಒಪ್ಪಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಹೋದರು.

ಅಂದಿನಿಂದ ಅಂಕಲ್ ಕ್ಯಾಂಪ್‌ಗ್ರೌಂಡ್ ಆರಿಸಿದ್ದೆಲ್ಲ ಒಂದೇ ಲೆಕ್ಕದಲ್ಲಿ: ಅಲ್ಲಿಗೆ ನಮ್ಮವರು ಯಾರೂ ಬರಬಾರದು. ಕೆರೆ ಇದ್ದರೆ ಬೇಡ, ವೀಕೆಂಡಿಗೆ ಪಿಕ್‌ನಿಕ್ಕಿನವರು ಬರುತ್ತಾರೆ. ಇಂಡಿಯನ್ ಅಂಗಡಿ ಹತ್ತಿರವಿದ್ದರೆ ಬೇಡವೇ ಬೇಡ. ಕಾಡಿನ ಅಂಚಿನ, ಫೋನೂ ಸಿಗದ ಜಾಗವೇ ಆಗಬೇಕು. ನಾಲ್ಕು ಜನರಿಲ್ಲದಿದ್ದರೆ ಊಟ ಸೇರದ ಹೆಂಗಸನ್ನು ಆ ಮನುಷ್ಯ ಹಾಗೆ ಬಚ್ಚಿಟ್ಟ. "ಇವರ ಮರ್ಯಾದೆ ಕಾಯೋಕೆ ನಾನು ಕರಡಿ ಹತ್ರ ಕಷ್ಟಸುಖ ಮಾತಾಡ್ಬೇಕಾಗಿದೆ ಕಣೇ" ಎಂದು ಆಂಟಿ ಯಾವುದೋ ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿ ನಕ್ಕಿದ್ದರು. ನನಗೆ ನಗು ಬರಲಿಲ್ಲ.

ಅವರ ಒಬ್ಬಳೇ ಮಗಳು ಸಬೀಹಾ ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿದ್ದಳು, ಚೊಚ್ಚಲ ಬಸುರಿ. ಹೆರಿಗೆಗೆ ಹತ್ತಿರವಿರಬೇಕೆಂದು ಆಂಟಿ ತಾವೇ ಅಲ್ಲಿ ಒಂದು ಕ್ಯಾಂಪ್‌ಗ್ರೌಂಡ್ ಹುಡುಕಿದರು. ನೋಡಿ ಬಾ ಎಂದು ನನ್ನನ್ನು ಕಳಿಸಿದರು. ನಾನೂ ನಲ್ಲಿ ತಿರುಗಿಸಿ, ಬಚ್ಚಲು ಮೂಸಿ, ಚೆನ್ನಾಗಿದೆ ಎಂದೆ. ಅಂಕಲ್ ಒಪ್ಪಲಿಲ್ಲ. ಬೀಗರು ಅಲ್ಲೇ ಇದ್ದಾರೆ, ನೋಡಲು ಬಂದೇ ಬರುತ್ತಾರೆ, ಚಕ್ರದ ಮೇಲಿನ ಮನೆಯಲ್ಲಿ ಅವರನ್ನು ಹೇಗೆ ಕೂರಿಸುವುದು? ದಿನ ತುಂಬಲು ಇನ್ನೂ ಸಮಯವಿದೆ, ಬೇಗ ವಾಪಸ್ ಬರೋಣ ಎಂದು ಗಾಡಿಯನ್ನು ಕೆನಡಾ ಗಡಿಯ ಕಡೆಗೆ ತಿರುಗಿಸಿದರು. ಚಳಿಗಾಲಕ್ಕೆ ಮುಂಚೆ ಕೆಂಪಾಗುವ ಎಲೆಗಳ ಬಣ್ಣ ನೋಡಬೇಕಿತ್ತಂತೆ.

ಹೆರಿಗೆ ಮೊದಲೇ ಆಯಿತು. ಸಬೀಹಾ ಅಮ್ಮನಿಗೆ ಫೋನ್ ಮಾಡಿ ಮಾಡಿ ಸೋತಳು. ಅವಳ ಗಂಡ ಹೇಗೋ ಕ್ಯಾಂಪ್‌ಗ್ರೌಂಡಿನ ಆಫೀಸನ್ನು ಹಿಡಿದು ಸುದ್ದಿ ಮುಟ್ಟಿಸುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಹೆರಿಗೆ ಕೋಣೆಯಲ್ಲಿ ಅವಳು ಅಮ್ಮ ಬೇಕು ಎಂದು ಅತ್ತದ್ದನ್ನು ಆಂಟಿಗೆ ಹೇಳಿದವರು ಬೀಗಿತ್ತಿ. ಸುದ್ದಿ ತಿಳಿದು ಬಂದ ಅವತ್ತೂ ಅಂಕಲ್ ಗಾಡಿಯನ್ನು ಒಂದು ಮಾಲ್ ಹಿಂದೆ ಅಡಗಿಸಿ, ಹೆಂಡತಿಯನ್ನು ಟ್ಯಾಕ್ಸಿಯಲ್ಲಿ ಮಗಳ ಬಳಿಗೆ ಕರೆತಂದಿದ್ದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಲವತ್ತು ದಿನದ ಬಾಣಂತನ ಮುಗಿದ ಮೇಲೆ ಅಂಕಲ್ ಮತ್ತೆ ಟ್ಯಾಕ್ಸಿಯಲ್ಲೇ ಬಂದರು. ಮಗುವನ್ನು ನೋಡಲು ನಾನೂ ಹೋಗಿದ್ದೆ, ಬೀಗರೂ ಇದ್ದರು. ಚಳಿ ಹತ್ತುತ್ತಿದೆ, ಫ್ಲಾರಿಡಾಕ್ಕೆ ಹೊರಡೋಣ ಎಂದರು ಅಂಕಲ್. ಆಂಟಿ ಮಗುವನ್ನು ಹೆಗಲಿಂದ ಇಳಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಮಾಲ್ ಹಿಂದೆ ನಿಲ್ಸಿದೀರಲ್ಲ, ಆ ಗಾಡೀನ ತಂದು ಈ ಬಾಗಿಲ ಮುಂದೆ ನಿಲ್ಸಿ. ನಮ್ಮನೆ ಇದೇ ಅಂತ ಇವರಿಗೆಲ್ಲ ಹೇಳಿ. ಅವಾಗ ಬರ್ತೀನಿ."

ಅಂಕಲ್ ಒಮ್ಮೆ ಬೀಗರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಗಾಡಿ ತರುತ್ತೇನೆಂದು ಹೊರಗೆ ಹೋದವರು ಫ್ಲಾರಿಡಾಕ್ಕೆ ಒಬ್ಬರೇ ಹೋದರು. ಆಂಟಿ ಆಮೇಲೆ ಆ ಮೋಟರ್‌ಹೋಮಿನ ಮೆಟ್ಟಿಲು ಹತ್ತಲಿಲ್ಲ. ಕಡೆಯವರೆಗೂ ಮಗಳ ಮನೆಯಲ್ಲೇ ಉಳಿದರು.

ಅವರು ತೀರಿಕೊಂಡಾಗ ಸಮರ್‌ಸೆಟ್‌ನ ಆ ಮನೆಯ ತುಂಬ ಜನ. ಬಂದವರಿಗೆಲ್ಲ ಅಂಕಲ್ ಒಂದೇ ಮಾತು ಹೇಳುತ್ತಿದ್ದರು: ಅವಳಿಗೆ ಟ್ರಾವೆಲ್ ಅಂದರೆ ಪ್ರಾಣ, ಅವಳಿಗೆ ತೋರಿಸದ ಜಾಗವೇ ಇಲ್ಲ. ಜನ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಸಾವಿನ ಮನೆಯಲ್ಲಿ ಬಾಯಿ ಬಿಗಿಹಿಡಿಯಬೇಕು ಎನ್ನುವುದು ನನಗೂ ಗೊತ್ತು. ಆಗಲಿಲ್ಲ.

"ಮಗಳ ಹೆರಿಗೆ ಕೋಣೆ ಒಂದನ್ನ ತೋರಿಸಲಿಲ್ಲ, ಅಂಕಲ್" ಎಂದೆ.

ಅಳುತ್ತಿದ್ದ ಸಬೀಹಾ ಎದ್ದು, ಅಷ್ಟು ಜನರನ್ನು ದಾಟಿಕೊಂಡು ಬಂದು, ನನ್ನ ಪಕ್ಕದಲ್ಲಿ ಕುಳಿತಳು.