ಅಡುಗೆಮನೆಯಲ್ಲಿ ಕಟ್ಟಿದ ಆಂಪ್ಲಿಫೈಯರ್

ಮುನವಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತ ಇಂದಿರಾಬಾಯಿಯವರ ಕಣ್ಣು ಮಾತ್ರ ಗೋಡೆಗೆ ತೂಗುಬಿಟ್ಟ ಒಂದು ಬಲ್ಬಿನ ಮೇಲಿದೆ. ಕರೆಂಟು ಆ ಬಲ್ಬನ್ನು ಹಾದೇ ಮುಂದಿರುವ ಆಂಪ್ಲಿಫೈಯರಿಗೆ ಹೋಗಬೇಕು. ಒಳಗೆ ಏನಾದರೂ ಸುಟ್ಟಿದ್ದರೆ ಬಲ್ಬು ಭಗ್ಗನೆ ಹೊತ್ತುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಇವತ್ತು ಮಂಕಾಗುತ್ತದೆ. ಬಲ್ಬು ಮಂಕಾಯಿತೆಂದು ಇಷ್ಟು ಹಿಗ್ಗುವವರನ್ನು, ಇವರ ಕೆಲಸ ನೋಡಲೆಂದು ಈ ಮನೆಯಲ್ಲಿ ಉಳಿದಿರುವ ನಾನು ಬೇರೆಲ್ಲೂ ಕಂಡಿಲ್ಲ.

“ಜೀವ ಬಂತು ನೋಡ್ರಿ,” ಎನ್ನುತ್ತಾರೆ. ಆಮೇಲೆ ಚಹಾದ ನೆನಪಾಗುತ್ತದೆ. ಅಷ್ಟರಲ್ಲಿ ಅದು ಉಕ್ಕಿ ಅರ್ಧ ಒಲೆ ಆರಿಸಿಬಿಟ್ಟಿದೆ.

ಊರಿನವರಿಗೆ ಗೊತ್ತಿರುವುದು ಇವರ ಗಂಡ ರಘೋತ್ತಮರ ಮೈಕ್‌ಸೆಟ್. ಸವದತ್ತಿ, ನೇಸರಗಿ, ಬೈಲಹೊಂಗಲ, ಎಲ್ಲಿ ಲಗ್ನವಿದ್ದರೂ ಭಾಷಣವಿದ್ದರೂ ಬಸ್ಸಿನ ಮೇಲೆ ಲೌಡ್‌ಸ್ಪೀಕರ್ ಏರಿಸಿಕೊಂಡು ಹೋಗುವವರು ಅವರು. ಕೆಟ್ಟ ರೇಡಿಯೊವನ್ನೂ ಜನ ಅವರ ಕೈಗೇ ಕೊಟ್ಟು ಹೋಗುತ್ತಾರೆ. ಒಳಗೆ ಹೋದ ರೇಡಿಯೊ ಯಾರ ಕೈಯಲ್ಲಿ ಬದುಕಿ ಬರುತ್ತದೆ ಎಂದು ಯಾರೂ ಕೇಳಿದ್ದಿಲ್ಲ.

ರಘೋತ್ತಮರು ಬೆಳಗಾವಿಯ ಅಂಗಡಿಯೊಂದರಲ್ಲಿ ಕೆಲಸ ಕಲಿತವರೇ. ಆದರೆ ಅವರ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ. ರೆಸಿಸ್ಟರ್ ಎಂಬ ಕಾಳಿನಷ್ಟು ಸಾಮಾನಿನ ಅಳತೆಯನ್ನು ಅದರ ಮೈಮೇಲಿನ ಬಣ್ಣದ ಪಟ್ಟೆಗಳಿಂದಲೇ ಗುರುತಿಸಬೇಕು. ಮದುವೆಯಾದ ಹೊಸದರಲ್ಲಿ ಅವರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ ಓದಿಸುತ್ತಿದ್ದರು. “ಹೇಳಿ ಹೇಳಿ ಬ್ಯಾಸರಾತು. ನೀವು ಸರೀರಿ, ನಾನ ಹಚ್ಚತೇನಿ ಅಂದೆ,” ಎಂದು ಇಂದಿರಾಬಾಯಿ ನಗುತ್ತಾರೆ.

ಅತ್ತೆ ಕಮಲಾಬಾಯಿಗೆ ಇದು ಮೊದಲು ಸೇರಲಿಲ್ಲ. ಅಡುಗೆ ಮಾಡುವ ಜಾಗದಲ್ಲಿ ಸೀಸ ಕರಗಿಸುವುದೆಂದರೇನು? ಹೀಗಾಗಿ ಸೊಸೆ ವರ್ಷಗಟ್ಟಲೆ ಎಲ್ಲರ ಊಟ ಮುಗಿಸಿ, ದನದ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಬೆಸುಗೆ ಹಾಕಿದ್ದಾರೆ. ಮೊಣಕೈವರೆಗೂ ಸುಟ್ಟ ಕಲೆಗಳಿವೆ. ನೆಂಟರು ಕೇಳಿದರೆ ರೊಟ್ಟಿಯ ಹಂಚು ತಾಗಿತು ಎನ್ನುವುದು ರೂಢಿ. ಒಂದು ದಿನ ಅತ್ತೆ ಕೀರ್ತನೆ ಕೇಳುವ ರೇಡಿಯೊವೇ ಕೆಟ್ಟಿತು, ಸೊಸೆ ಸರಿಮಾಡಿಕೊಟ್ಟರು. ಬೆಸುಗೆಗೆ ಅಡುಗೆಮನೆಯ ಬಾಗಿಲು ತೆರೆದದ್ದು ಅವತ್ತು.

ಮುಂದಿರುವ ಆಂಪ್ಲಿಫೈಯರ್ ಮಾತ್ರ ರಿಪೇರಿಗೆ ಬಂದದ್ದಲ್ಲ. ಅಚ್ಚಾದ ನಕ್ಷೆಯೊಂದನ್ನು ನೋಡಿಕೊಂಡು, ಒಂದೊಂದೇ ಸಾಮಾನು ತರಿಸಿ, ಹಳೆಯ ತಗಡಿನ ಪೆಟ್ಟಿಗೆಯಲ್ಲಿ ಇಂದಿರಾಬಾಯಿ ತಾವೇ ಕಟ್ಟಿದ್ದು. ಈಗ ಅದರ ಮಾನ ಹೋಗುವ ಹೊತ್ತು ಬಂದಿದೆ. ಹೂಲಿಯ ಗುಡಿಯಲ್ಲಿ ದಿನಾ ಸಂಜೆ ಪುರಾಣ ಪ್ರವಚನ ನಡೆಯುತ್ತಿದೆ. ಮೂರು ಸಂಜೆಯೂ ಈ ಆಂಪ್ಲಿಫೈಯರ್ ನಡುವೆಯೇ ಮೂಕಾಗಿದೆ, ದನಿಗೆ ಬಲ ಕೊಡುವ ಎರಡು ದೊಡ್ಡ ಟ್ರಾನ್ಸಿಸ್ಟರುಗಳು ಪ್ರತಿಸಲ ಸುಟ್ಟುಹೋಗಿವೆ. ಪುರಾಣ ಹಚ್ಚಿಸಿದ ವೀರಪ್ಪನವರು ಹೇಳಿ ಕಳಿಸಿದ್ದಾರೆ: “ಇವತ್ತೂ ಬಂದ್ ಬಿದ್ರ ನಾಳೆ ಬೆಳಗಾವಿಯಿಂದ ಕಂಪನಿ ಸೆಟ್ ತರಸ್ತೇವಿ. ಮನ್ಯಾಗ ಮಾಡಿದ್ದು ಮನ್ಯಾಗ ಇರ್ಲಿ.” ಈ ಕೊನೆಯ ಮಾತು ಇಂದಿರಾಬಾಯಿಗೆ ನಾಟಿದೆ.

ಸೋಜಿಗವೆಂದರೆ ಮುನವಳ್ಳಿಯಲ್ಲಿ ಇಡೀ ದಿನ ಹಾಡಿಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಇಂದಿರಾಬಾಯಿ ಸೆಟ್ಟಿನ ಜೊತೆ ಹೋದವರಲ್ಲ. ಗಂಡ ತಂದ ವರ್ತಮಾನದ ಮೇಲೆಯೇ ರೋಗ ಹುಡುಕಬೇಕು.

“ಬಂದ್ ಬೀಳೂ ಮೊದಲ ಹೆಂಗ ಒದರಿತ್ರಿ?”

ರಘೋತ್ತಮರು ಗಂಟಲು ಸರಿಮಾಡಿಕೊಂಡು ಗೊರಗೊರ ಸದ್ದು ಮಾಡಿ ತೋರಿಸುತ್ತಾರೆ.

“ಸಣ್ಣ ದನಿನೋ, ದಪ್ಪ ದನಿನೋ?”

ಮತ್ತೆ ಗೊರಗೊರ. ನನಗೆ ನಗು ತಡೆಯುವುದು ಕಷ್ಟವಾಗುತ್ತದೆ. ಅವರಿಬ್ಬರ ಮುಖದಲ್ಲಿ ನಗುವಿಲ್ಲ. ಜಪಮಾಲೆ ಹಿಡಿದು ಕೂತ ಕಮಲಾಬಾಯಿ ತಲೆ ಎತ್ತುತ್ತಾರೆ. “ಇವನ ಬಾಯಲೆ ರೋಗ ಕೇಳಿ ಎಷ್ಟ ದಿನಾ ಔಷಧ ಕೊಡ್ತಿ? ನೀನ ಹೋಗಿ ನೋಡಿ ಬಾ. ಅಡಿಗಿ ನಾ ನೋಡಕೋತೇನಿ.”

ಸಂಜೆ ಹೂಲಿಯ ಗುಡಿಯ ಅಂಗಳದಲ್ಲಿ ಜನ ಸೇರುತ್ತಿದ್ದಾರೆ. ಇಂದಿರಾಬಾಯಿ ಹೆಂಗಸರ ಸಾಲಿನಲ್ಲಿ ಕೂರದೆ ಸೀದಾ ವೇದಿಕೆಯ ಹಿಂದಕ್ಕೆ ನಡೆಯುತ್ತಾರೆ. ಮೊದಲೇ ಬಂದಿದ್ದ ರಘೋತ್ತಮರು ಅಲ್ಲಿ ಆಂಪ್ಲಿಫೈಯರನ್ನು ದಪ್ಪ ಶಾಲಿನಲ್ಲಿ ಸುತ್ತಿ ಇಟ್ಟಿದ್ದಾರೆ. ತಿರುಗಿಸುವ ಗುಂಡಿಗಳಷ್ಟೇ ಹೊರಗೆ. ಅದು ಅವರ ಲಗ್ನದಲ್ಲಿ ಹೆಣ್ಣಿನ ಕಡೆಯವರು ಹೊದಿಸಿದ ಶಾಲು.

“ಇದೇನ್ರಿ?”

“ಧೂಳ ಕೂಡಬಾರದು ಅಂತ. ನೀ ಕಟ್ಟಿದ್ದು ಅದ,” ಎನ್ನುತ್ತಾರೆ ರಘೋತ್ತಮರು.

ಟ್ರಾನ್ಸಿಸ್ಟರಿನ ಕಾವು ಹಿಂಬದಿಯ ಅಲ್ಯುಮಿನಿಯಂ ತಗಡಿನಿಂದ ಗಾಳಿಗೆ ಹೋಗಬೇಕು. ಮೂರು ಸಂಜೆ ಅದು ಶಾಲು ಹೊದ್ದು ಬೆಂದಿದೆ. ಹೆಂಡತಿಯ ಕೈಕೆಲಸವನ್ನು ಗಂಡ ಜೋಪಾನ ಮಾಡಿದ್ದೇ ಅದರ ಜೀವಕ್ಕೆ ಮುಳುವಾಗಿದೆ. ಇಂದಿರಾಬಾಯಿ ಬಯ್ಯುವುದಿಲ್ಲ. ಶಾಲು ಬಿಚ್ಚಿ, ಮಡಚಿ, ಗಂಡನ ಹೆಗಲ ಮೇಲೆ ಹಾಕುತ್ತಾರೆ. “ಇದಕ್ಕ ಗಾಳಿ ಬೇಕ್ರಿ. ಇದನ್ನ ನೀವ ಹೊದ್ಕೋರಿ.” ಪೆಟ್ಟಿಗೆಯ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸುತ್ತಾರೆ.

ಪುರಾಣ ಶುರುವಾಗುತ್ತದೆ. ಇಂದಿರಾಬಾಯಿ ಆಗಾಗ ತಗಡಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ. ದಿನವೂ ಮೂಕಾಗುತ್ತಿದ್ದ ಹೊತ್ತು ದಾಟುತ್ತದೆ. ಮುಂದಿನ ಸಾಲಿನಲ್ಲಿದ್ದ ವೀರಪ್ಪನವರು ರಘೋತ್ತಮರತ್ತ ತಿರುಗಿ, ನಾಳೆಗೂ ಇದೇ ಇರಲಿ ಎಂದು ಕೈಸನ್ನೆ ಮಾಡುತ್ತಾರೆ. ಇಂದಿರಾಬಾಯಿ ಮೆಲ್ಲಗೆ ಎದ್ದು ಊರ ಹೊರಗಿನ ದಾರಿ ಹಿಡಿಯುತ್ತಾರೆ, ಹಿಂದೆ ನಾನು. “ಮನ್ಯಾಗ ಪೂರಾ ದನಿ ಬಿಡಾಕ ಆಗೂದಿಲ್ರಿ. ದೂರ ನಿಂತು ಒಮ್ಮೆನೂ ಕೇಳಿಲ್ಲ,” ಎನ್ನುತ್ತಾರೆ.

ಕೊನೆಯ ಮನೆಯ ಕಟ್ಟೆಯ ಮೇಲೆ ಬಾಯವ್ವ ಎಂಬ ಅಜ್ಜಿ ಕೂತಿದ್ದಾರೆ. ಕಾಲು ಸೋತ ಅವರಿಗೆ ಗುಡಿಯ ತನಕ ನಡೆಯಲಾಗದು.

“ಇವತ್ತ ಬಂದ್ ಬಿದ್ದಿಲ್ಲ ನೋಡವಾ. ಅಗದೀ ಬಾಜೂಕ ಕುಂತು ಹೇಳಿದಂಗ ಆಗೇತಿ,” ಎನ್ನುತ್ತಾರೆ ದಾರಿಯಲ್ಲಿ ನಿಂತ ಇಂದಿರಾಬಾಯಿಗೆ.

ಇಂದಿರಾಬಾಯಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಇಷ್ಟು ವರ್ಷ ಮನೆಯ ಹೊರಗೆ ಯಾರೆದುರೂ ಆಡದ ಮಾತು ಅವರ ಬಾಯಿಗೆ ಬರುತ್ತದೆ.

“ಆ ಮಷೀನ್ ನಾ ಕಟ್ಟೇನಿ, ಅಜ್ಜಿ. ನಮ್ಮ ಮನ್ಯಾಗ.”

ಬಾಯವ್ವ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಆಮೇಲೆ ಕಟ್ಟೆಯ ಮೇಲೆ ಸರಿದು ಜಾಗ ಮಾಡುತ್ತಾರೆ.

“ಹಂಗಾರ ಕುಂದ್ರು. ನೀ ಮಾಡಿದ್ದು ನೀ ಕೇಳಬ್ಯಾಡೇನು?”