ಬಸ್ಸಿನ ಸೀಟಿಗೆ ಹಾಕಿದ ಕರ್ಚೀಫು

ನಮ್ಮೂರಿನಿಂದ ಕಿಕ್ಕೇರಿ ಮೇಲೆ ಕೃಷ್ಣರಾಜಪೇಟೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಬೇಕೆಂದರೆ ಕಿಟಕಿಯಿಂದ ಕರ್ಚೀಫು ಎಸೆಯಬೇಕು. ಬಟ್ಟೆ ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವಂತಿಲ್ಲ. ಅದೇ ಇಲ್ಲಿಯ ಕಾನೂನು. ಕಾಲೇಜಿಗೆ ಹೋಗುವ ನಾವಿಬ್ಬರು ಗೆಳತಿಯರಲ್ಲಿ ಮೊದಲು ಬಂದವಳು ಇಬ್ಬರಿಗೂ ಎಸೆಯುತ್ತಿದ್ದಳು. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಆಮೇಲೆ ಊರಲ್ಲಿ ಗಲಾಟೆಯಾಯಿತು. ಮೆರವಣಿಗೆ, ಧಡಧಡ ಮುಚ್ಚಿದ ಶಟರ್‌ಗಳು, ಕಲ್ಲು, ಬೆಂಕಿ. ನನ್ನ ಗೆಳತಿಯ ಅಬ್ಬನ ಟೈಲರ್ ಅಂಗಡಿ ಸುಟ್ಟುಹೋಯಿತು. ಹೊಲಿಯಲು ಕೊಟ್ಟಿದ್ದ ನಮ್ಮವ್ವನ ರವಿಕೆಯೂ ಅದರೊಳಗಿತ್ತು. ನಾನು ತಾರಸಿಯ ಮೇಲಿನಿಂದ ಎಲ್ಲ ನೋಡಿದೆ. ಕಲ್ಲು ಹಿಡಿದವರಲ್ಲಿ ನಮ್ಮ ಮನೆಯಲ್ಲಿ ಕಾಫಿ ಕುಡಿದವರೂ ಇದ್ದರು. ಅವತ್ತಿನಿಂದ ಅಂಗಡಿಯ ಶಟರ್ ಸದ್ದಾದರೆ ಸಾಕು, ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. "ಮರ್ತ್‌ಬುಡು ಕಣವ್ವ, ಓದೋ ಮಕ್ಳಿಗೆ ಇವೆಲ್ಲ ಯಾಕೆ?" ಎಂದರು ದೊಡ್ಡವರು. ಆಹಾ! ಕಲ್ಲು ಎಸೆಯುವಾಗ ಓದುವ ಮಕ್ಕಳು ನೆನಪಾಗಲಿಲ್ಲವೇ?

ನನ್ನ ಘನಂದಾರಿ ಕೆಲಸವನ್ನೂ ಹೇಳಬೇಕು. ಬಸ್ಸು ಮತ್ತೆ ಶುರುವಾದ ದಿನ ನಾನೇ ಮೊದಲು ಹತ್ತಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿದೆ. ಅವಳು ಬುರ್ಖಾ ಹಾಕಿಕೊಂಡು ಹತ್ತಿದಳು. ಇಡೀ ಬಸ್ಸು ಮಾತು ನಿಲ್ಲಿಸಿ ಅವಳನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು. ನಾನು ಕರ್ಚೀಫು ಎತ್ತಿಕೊಂಡು, ಅಲ್ಲೇ ನಿಂತಿದ್ದ ಒಬ್ಬ ಹೆಂಗಸಿಗೆ "ಕೂತ್ಕಳಿ ಅಕ್ಕ" ಅಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು! ಅವಳು ಇಳಿದು ಹೋದಳು. ಮಾರನೆಯ ದಿನ ಬರಲಿಲ್ಲ. ಫೋನೂ ಎತ್ತಲಿಲ್ಲ. ಮನೆಗೆ ಹೋದರೆ ಅವಳ ತಾಯಿ ಬಾಗಿಲಲ್ಲೇ, "ಕಾಲೇಜೇ ಬ್ಯಾಡ ಅಂತಾವ್ಳೆ" ಅಂದರು.

ನನ್ನ ಹೇಡಿತನಕ್ಕೆ ಅವಳ ಓದು ನಿಲ್ಲಬೇಕೇ? ಹಟ ಹಿಡಿದೆ. ದಿನಾ ಅವಳ ಸೀಟಿಗೆ ಕರ್ಚೀಫು ಹಾಕಿ, ಅದರ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಅವಳು ಬರಲಿಲ್ಲ. ನಿಂತುಕೊಂಡು ಬರುವವರು ಗೊಣಗಿದರು. ಎರಡು ವಾರವಾದ ಮೇಲೆ ಒಬ್ಬ ಹಿರಿಯರು ರೇಗಿಯೇಬಿಟ್ಟರು: "ಯಾರ್ಗವ್ವ ಈ ಸೀಟು? ದಿನಾ ಇದೇ ನಾಟ್ಕ ಆಗೋಯ್ತು!"

ಇಡೀ ಬಸ್ಸಿಗೆ ಕೇಳುವಂತೆ ಹೇಳಿದೆ: "ಟೈಲರ್ ಸಾಬ್ರ ಮಗಳ್ಗೆ. ಅವ್ಳು ಬರೋಗಂಟ ಯಾರೂ ಕೂರಂಗಿಲ್ಲ. ಅದೇನ್ ಮಾಡ್ಕತಿರೋ ಮಾಡ್ಕಳಿ!" ಹೆದರಿಕೆಗೆ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದೆ. ಆದರೂ ಮಾತಂತೂ ಪೂರ್ತಿ ಹೊರಗೆ ಬಂತು. ಅವರು ಏನೋ ಗೊಣಗುತ್ತ ಮುಂದಕ್ಕೆ ಹೋದರು.

ಆ ಮಾತು ಸಂಜೆಯೊಳಗೆ ಟೈಲರ್ ಮನೆ ಮುಟ್ಟಿತಂತೆ. ಮಾರನೆಯ ದಿನ ಅವಳು ಹತ್ತಿದಳು. ಇಡೀ ಬಸ್ಸು ಮತ್ತೆ ಅವಳತ್ತ ತಿರುಗಿತು. ಅವಳು ಸೀದಾ ಬಂದು ಕರ್ಚೀಫನ್ನು ನನ್ನ ಮಡಿಲಿಗೆ ಎಸೆದಳು.

"ಸರ್ಕೊಳೆ. ಕಿಟ್ಕಿ ಪಕ್ಕ ನಾನ್ ಕೂರ್ತೀನಿ."

ಸರಿದುಕೊಂಡೆ. ಕೂತವಳು ನನ್ನ ಮುಖ ನೋಡದೆ ಹೇಳಿದಳು: "ಅವತ್ತು ಕರ್ಚೀಫು ಎತ್ಕೊಂಡ್ಬುಟ್ಯಲ್ಲ, ಮರ್ತಿಲ್ಲ ಕಣೆ."

"ಮರೀಬ್ಯಾಡ," ಅಂದೆ. ಕಣ್ಣು ತುಂಬಿತು. "ನಾನೂ ಮರೆಯಲ್ಲ."

ಗಲಾಟೆಯಾದಾಗಿನಿಂದ ಕಲ್ಲು ಬಿದ್ದೀತೆಂದು ಆ ಬಸ್ಸಿನಲ್ಲಿ ಯಾರೂ ಕಿಟಕಿ ತೆಗೆಯುತ್ತಿರಲಿಲ್ಲ. ಅವಳು ಗಾಜನ್ನು ಪೂರ್ತಿ ಸರಿಸಿದಳು. ಅದೇ ಹೊತ್ತಿಗೆ ಸ್ಟಾಪಿನ ಎದುರಿನ ಅಂಗಡಿಯವನು ಧಡಾರನೆ ಶಟರ್ ಎತ್ತಿದ. ಇಬ್ಬರೂ ಬೆಚ್ಚಿಬಿದ್ದು ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಕಿಟಕಿ ಮಾತ್ರ ಮುಚ್ಚಲಿಲ್ಲ.